ಶನಿವಾರದ ಪುಡಿ

ಊರಿನ ಹೆಸರಲ್ಲೇ ವಾರವಿದ್ದರೆ
ಮರೆಯುವುದು ಕಷ್ಟ ಅಂದುಕೊಂಡಿದ್ದೆ.
ಶನಿವಾರಸಂತೆಯ ಸರ್ಕಾರಿ ಆಸ್ಪತ್ರೆ, ಔಷಧಿ ಕೊಡುವ ಕಿಟಕಿ,
ಹದಿನಾಲ್ಕು ವರ್ಷದಿಂದ ಅದರ ಹಿಂದೆ ನಾನು.
ಕಂಡಿ ಎಷ್ಟು ಚಿಕ್ಕದೆಂದರೆ
ನನಗೆ ಜನರ ಮುಖಕ್ಕಿಂತ ಕೈಗಳ ಪರಿಚಯವೇ ಹೆಚ್ಚು.

ಇಲ್ಲಿ ಬಿಸಿಲು ಮೊದಲು ಕಾಫಿಗೆ.
ಜನವರಿಯ ಕಣದಲ್ಲಿ ಹಣ್ಣು ಹರಡಿ,
ಗಂಟೆಗೊಮ್ಮೆ ಮಗ್ಗುಲು ಬದಲಿಸಿ,
ಸಂಜೆ ಟಾರ್ಪಾಲು ಹೊದಿಸಿ ಮಲಗಿಸುತ್ತಾರೆ.
ಅದನ್ನು ತಿರುವುವ ಹೆಂಗಸರಿಗೆ
ತಲೆಗೆ ಟವೆಲು, ಸೀರೆ ಮೇಲೆ ಗಂಡನ ತುಂಬುತೋಳಿನ ಅಂಗಿ;
ಕಣ್ಣೆರಡು ಬಿಟ್ಟರೆ ಉಳಿದದ್ದೆಲ್ಲ ನೆರಳು.
ಆಮೇಲೆ ಚೀಟಿ ಹಿಡಿದು ಬರುತ್ತಾರೆ:
ಸೊಂಟ, ಮಂಡಿ, ಹಿಮ್ಮಡಿ.
ವಿಟಮಿನ್ ಡಿ ಹನ್ನೊಂದು, ಒಂಬತ್ತು, ಏಳು,
ನಮ್ಮೂರ ಡಿಸೆಂಬರಿನ ಬೆಳಗಿನ ಜಾವದ ಅಂಕಿಗಳು.

ಮೊದಲು ದಿನಕ್ಕೊಂದು ಮಾತ್ರೆ ಕೊಟ್ಟೆವು.
ದಿನ ಅನ್ನುವುದು ತೋಟದ ಲೈನುಮನೆಯಲ್ಲಿ ಬಹಳ ಕಿಕ್ಕಿರಿದ ಜಾಗ.
ಒಲೆ, ನೀರು, ಮಗಳ ಜಡೆ, ಮೇಸ್ತ್ರಿಯ ಸೀಟಿ;
ನಡುವೆ ಒಂದು ಬಿಳಿ ಗುಂಡಿ ನಿಲ್ಲಲು ಕಾಲೂರುವಷ್ಟೂ ಎಡೆಯಿಲ್ಲ.
ತಿಂಗಳ ಕೊನೆಗೆ ಬೆಳ್ಯಮ್ಮ ಇಪ್ಪತ್ತಮೂರು ಮಾತ್ರೆ ವಾಪಸು ತಂದಳು:
"ಯಾರಿಗಾದ್ರೂ ಆಗ್ತದೆ, ಇಟ್ಕಳಿ",
ಮಿಕ್ಕ ಅನ್ನ ನೆರೆಮನೆಗೆ ದಾಟಿಸುವ ಹಾಗೆ.

ಆಮೇಲೆ ಕ್ಯಾಪ್ಸೂಲು ಬಂತು. ಮೆತ್ತಗೆ, ಜೇನಿನ ಬಣ್ಣ,
ಟ್ಯೂಬ್‌ಲೈಟಿಗೆ ಹಿಡಿದರೆ ಒಳಗೊಂದು ಪುಟ್ಟ ಹೊತ್ತು ಮೂಡುತ್ತಿತ್ತು.
ಪುಟ್ಟವೀರಮ್ಮ ಕೊರಳ ಕರಡಿಗೆ ಮುಟ್ಟಿಕೊಂಡು ಕೇಳಿದರು:
"ಇದರ ಸಿಪ್ಪೆ ಯಾತರದ್ದವ್ವ?"
ಅದೇ ಬೆಂಚಿನ ಇನ್ನೊಂದು ತುದಿಯಿಂದ ಬೀಬಿಜಾನ್ ಕೇಳಿದರು:
"ಹೌದು, ಯಾತರದ್ದು?"
ಡಬ್ಬಿಯ ಸಣ್ಣಕ್ಷರ ಓದಿದೆ. ಸುಳ್ಳು ಹೇಳಬಹುದಿತ್ತು,
ಹೇಳಲಿಲ್ಲ.
ಇಬ್ಬರೂ ಒಟ್ಟಿಗೇ ಎದ್ದು
ಒಂದೇ ಆಟೋದಲ್ಲಿ ಹೋದರು.

ಕೊನೆಗೆ ಪುಡಿ. ವಾರಕ್ಕೊಂದು ಪೊಟ್ಟಣ, ಎಂಟು ವಾರ.
ಕೆಂಪು ಸ್ಕೆಚ್‌ಪೆನ್ನಿನಲ್ಲಿ ಪ್ರತಿ ಕವರಿನ ಮೇಲೂ ಬರೆದೆ: ಸಂತೆ.
ಅಕ್ಷರ ಬಾರದವರಿಗೆ ಒಂದು ಬುಟ್ಟಿಯ ಚಿತ್ರ.
ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.
ಬಸ್ಸಿನ ಡ್ರೈವರ್ ಹಂಸ ಎಂಟೂ ಪೊಟ್ಟಣ ಎಂಟೇ ದಿನಕ್ಕೆ ಮುಗಿಸಿ ಬಂದ:
"ಬೇಗ ಖಾಲಿಯಾದ್ರೆ ಬೇಗ ವಾಸಿಯಲ್ವಾ?"
ಡಾಕ್ಟರು ರಕ್ತ ತೆಗೆಸಿದರು. ಅವನಿಗೇನೂ ಆಗಿರಲಿಲ್ಲ,
ಆ ರಾತ್ರಿ ನಿದ್ದೆ ಹೋದದ್ದು ನನ್ನದು.
(ನನ್ನ ಡ್ರಾಯರಿನಲ್ಲಿ ನನ್ನವೇ ಮೂರು ಪೊಟ್ಟಣ
ಗೌರಿಹಬ್ಬದಿಂದ ಬಿದ್ದಿವೆ. ಅದು ಬೇರೆ ಮಾತು.)

ಅಂಜಲೈ ಬಂದದ್ದು ಒಂಬತ್ತನೆಯ ಶನಿವಾರ.
ರೇಷನ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ ಎಂಟೂ ಪೊಟ್ಟಣ,
ಒಂದರ ಮೂಲೆಯೂ ಹರಿದಿರಲಿಲ್ಲ.
ನಾನು ದನಿ ಏರಿಸುವ ಮೊದಲೇ ಅಂದಳು:
"ಹಾಲು ಸಿಗಲಿಲ್ಲ ಮೇಡಂ."

ಮೊದಲ ವಾರದ ಹಾಲು ಮೊಮ್ಮಗುವಿಗೆ ಹೋಯಿತಂತೆ.
ಎರಡನೆಯ ವಾರದ್ದು ಒಡೆಯಿತಂತೆ.
ಆಮೇಲೆ ಕೊಳ್ಳಲಿಲ್ಲ; ಲೈನಿನಲ್ಲಿ ಎಲ್ಲರದೂ ಬೆಲ್ಲದ ಕರಿಕಾಪಿ.
ಹಾಲಿನಲ್ಲಿ ಕಲಸಿ ಕುಡಿ ಎಂದು
ಕಿವುಡರಿಗೆ ಹೇಳುವ ಹಾಗೆ ಮೂರು ಸಲ ಕೂಗಿದವಳು ನಾನೇ.
"ನೀರಾದರೂ ಆಗ್ತದೆ ಅಂಜಲೈ."
ಅವಳ ಕೈ ಕಂಡಿಯಲ್ಲೇ ನಿಂತಿತು.
"ನೀರಲ್ಲಿ ಆಗ್ತದಾ? ಮೊದಲೇ ಹೇಳಬಾರದಾ?"

ಈಗ ಕವರಿನ ಮೇಲೆ ಏನು ಬರೆಯುವ ಮೊದಲೂ ಕೇಳುತ್ತೇನೆ:
ನಿಮ್ಮನೇಲಿ ಸಂತೆ ದಿನ ರಾತ್ರಿ ಏನಡಿಗೆ?
ಸರದಿಯಲ್ಲಿ ಹಿಂದಿನವರು ನಗುತ್ತಾರೆ.
ಅಂಜಲೈ ನಗಲಿಲ್ಲ. ಮೀನುಸಾರು, ಅಂದಳು,
ವಾರದಲ್ಲಿ ಎಣ್ಣೆ ತೇಲುವುದು ಅದೊಂದೇ ರಾತ್ರಿ.
ಹಾಗಾದರೆ ಉಂಡು ಕೈ ತೊಳೆದ ಮೇಲೆ, ಅಂದೆ.

ಎರಡು ತಿಂಗಳಿಗೆ ಮತ್ತೆ ಅದೇ ಕೈ.
ಖಾಲಿ ಪೊಟ್ಟಣಗಳು, ತೊಳೆದು, ಒತ್ತಿ, ನೋಟಿನ ಹಾಗೆ ಜೋಡಿಸಿ:
"ಎಣಿಸ್ಕಳಿ."
ಒಂದಕ್ಕೆ ಮೀನಿನ ವಾಸನೆ ಇನ್ನೂ ಇತ್ತು.
ಎಣಿಸಿದೆ. ಏಳು.
ಎಂಟನೆಯದೆಲ್ಲಿ?
"ಪಕ್ಕದ ಮನೆ ಸೆಲ್ವಿಗೂ ಮಂಡಿ," ಅಂದಳು.